ಲಿಫ್ಟಿನವನ ಅಳತೆ

ದೊಡ್ಡಾಸ್ಪತ್ರೆಗೆ ಒಮ್ಮೆಯಾದರೂ ಕಾಲಿಟ್ಟವರಿಗೆ ನನ್ನ ತಮ್ಮ ಗೊತ್ತು. ಲಿಫ್ಟಿನೊಳಗೆ ಬಟನ್ನುಗಳ ಪಕ್ಕ ಸ್ಟೂಲು ಹಾಕಿಕೊಂಡು ಇಪ್ಪತ್ತೆರಡು ವರ್ಷ ಕೂತವನು ಅವನು. ಅಲ್ಲಿನವರೆಲ್ಲ ಅವನನ್ನು ಅಪ್‌ಡೌನ್ ಎಂದು ಕರೆಯುತ್ತಿದ್ದರು. ಅವನಿಗೆ ಅದರಲ್ಲೊಂದು ಜಂಬ. “ಡಾಕ್ಟ್ರುಗಳು ಜನರನ್ನ ಮೇಲೆ ಕಳಿಸ್ತಾರೆ ಅಷ್ಟೇ ಕಣಕ್ಕ, ವಾಪಸ್ ಕೆಳಗೆ ಕರ್ಕೊಂಡು ಬರೋನು ನಾನೊಬ್ಬನೇ” ಎನ್ನುತ್ತಿದ್ದ. ಬಾಗಿಲು ಮುಚ್ಚುವ ಮುಂಚೆ, “ಮೇಲೆ ಹೋಗೋರು ಬನ್ನಿ, ನೂಕಾಡ್ಬೇಡಿ, ಒಂದಲ್ಲ ಒಂದಿನ ಎಲ್ಲರಿಗೂ ಚಾನ್ಸ್ ಸಿಗುತ್ತೆ” ಎಂದು ಕೂಗುವುದು ಅವನ ರೂಢಿ. ಆಸ್ಪತ್ರೆಯಲ್ಲಿ ಆಡುವ ಮಾತೇ ಅದು? ಹೆಡ್ ನರ್ಸ್ ತಿಂಗಳಿಗೊಮ್ಮೆ ಕರೆದು ಉಗಿಯುತ್ತಿದ್ದರು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು ಮೂರನೇ ದಿನ ಮತ್ತೆ ಶುರು ಮಾಡುತ್ತಿದ್ದ. ಆಪರೇಷನ್ನಿಗೆ ಹೋಗುವವರೇ ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರಂತೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬೀದಿಗೆ ತೆರೆದ ಬಾಗಿಲು, ಕಿಟಕಿಯ ಬೆಳಕಿಗೆ ಮಷೀನು, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಒಂದು ಕನ್ನಡಿ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದೆ. ಅವನಿಗೊಂದು ಮದುವೆ ಮಾಡಿಸಿ ನನ್ನ ದಾರಿ ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ. ಅವನು ಮದುವೆಯಾಗಲಿಲ್ಲ, ನಾನು ಹೋಗಲಿಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನ ಕೈಕೆಲಸಕ್ಕೆ ಯಾರೂ ಹೆಸರಿಡುವ ಹಾಗಿಲ್ಲ. ನಾನು ರಿಪೇರಿ ಮಾಡಿದ ಬಟ್ಟೆಯಲ್ಲಿ ರಿಪೇರಿ ಎಲ್ಲಾಗಿದೆ ಎಂದು ಇನ್ನೊಬ್ಬ ದರ್ಜಿ ಕೂಡ ಹುಡುಕಬೇಕು. ನಮ್ಮ ಮನೆ ಹಾಳಾದದ್ದು ಆ ಕೈಕೆಲಸದಿಂದಲೇ.

ಆ ಆಸ್ಪತ್ರೆಗೆ ಆರು ಮಹಡಿ. ಒಂದೊಂದು ಬಂದಾಗಲೂ ತಮ್ಮ ಕೂಗಿ ಹೇಳುತ್ತಿದ್ದ. “ಎರಡು, ಹೆರಿಗೆ! ಮೂರು, ಮೂಳೆ! ಐದು, ಕಣ್ಣು!” ನಾಲ್ಕು ಬಂದಾಗ ಮಾತ್ರ “ನಾಲ್ಕು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ನಾಲ್ಕರಲ್ಲಿ ಇರುವುದು ಮನಸ್ಸಿನ ಕಾಯಿಲೆಯ ವಿಭಾಗ. ಅಲ್ಲಿಗೆ ಹೋಗುವವರ ಸುದ್ದಿಯನ್ನು ಊಟಕ್ಕೆ ಕೂತಾಗ ನನಗೆ ಹೇಳುತ್ತಿದ್ದ.

“ಅವ್ರು ನಂಬರ್ ಬಾಯಲ್ಲಿ ಹೇಳಲ್ಲ ಕಣಕ್ಕ, ಬೆರಳು ತೋರಿಸ್ತಾರೆ. ಕೆಲವರು ಮೂರರಲ್ಲೇ ಇಳ್ಕೊಂಡು ಮೆಟ್ಟಿಲು ಹತ್ಕೊಂಡು ಹೋಗ್ತಾರೆ. ನಾಲ್ಕರಲ್ಲಿ ಇಳಿದ ತಕ್ಷಣ ಒಳಗಿರೋರು ಒಬ್ಬರ ಮುಖ ಒಬ್ಬರು ನೋಡ್ಕೋತಾರಲ್ಲ, ಆ ಹಿಂಸೆ ಯಾಕೆ ಅಂತ.”

ಯಾರೂ ಹೇಳದೆಯೇ ನಾಲ್ಕನ್ನು ಒತ್ತುವುದನ್ನು ಅವನು ಕಲಿತುಬಿಟ್ಟಿದ್ದ. ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಹಾಕಿಕೊಂಡವರು, ಉಗುರು ಬೆಳೆದರೂ ಕತ್ತರಿಸದವರು, ಮಾತಾಡಿಸಿದರೆ ಒಂದು ಗಳಿಗೆ ತಡವಾಗಿ ತಿರುಗುವವರು, ಎಲ್ಲರೂ ಅವನಿಗೆ ಬಾಗಿಲಲ್ಲೇ ಗೊತ್ತಾಗುತ್ತಿದ್ದರು. “ಆರು ತಿಂಗಳ ಹಿಂದೇನೇ ಕರ್ಕೊಂಡು ಬರ್ಬೇಕಿತ್ತು. ಮನೆಯವ್ರಿಗೆ ಕಣ್ಣಿಲ್ವಾ?” ಎಂದು ಸಿಡಿಮಿಡಿಗೊಳ್ಳುತ್ತಿದ್ದ. ನಾನೂ ತಲೆಯಾಡಿಸಿ, ಎಂಥಾ ಜನ ಇರ್ತಾರಪ್ಪ ಎಂದು ಅವರನ್ನೆಲ್ಲ ಸೇರಿಸಿ ಬೈಯುತ್ತಿದ್ದೆ. ಬೈಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಅವನಲ್ಲಿ ಮೊದಲು ನಿಂತದ್ದು ಲಿಫ್ಟಿನ ಬಾಗಿಲಲ್ಲಿ ಕೂಗುತ್ತಿದ್ದ ಆ ತಮಾಷೆ. ನನಗೆ ಅದು ಗೊತ್ತಾದದ್ದು ಹೆಡ್ ನರ್ಸ್ ಅವರ ಕೋಟಿನ ತೋಳು ಸರಿ ಮಾಡಿಸಲು ಬಂದಾಗ. “ನಿಮ್ಮ ತಮ್ಮನಿಗೆ ಅಂತೂ ಬುದ್ಧಿ ಬಂತು ನೋಡಿ. ಒಂದು ತಿಂಗಳಿಂದ ತುಟಿ ಪಿಟಕ್ ಅಂದಿಲ್ಲ” ಎಂದರು. ನಾವಿಬ್ಬರೂ ನಕ್ಕೆವು. ಅವನಿಗೆ ನಲವತ್ತಾರು ತುಂಬಿತ್ತು, ಈ ವಯಸ್ಸಿಗಾದರೂ ಗಂಭೀರ ಆಗಲಿ ಬಿಡಿ ಎಂದು ನಾನೇ ಅಂದೆ. ಅವನ ಕಾಯಿಲೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ ದಿನ ನಾವು ಅದಕ್ಕೆ ಶಹಬ್ಬಾಸ್ ಎಂದು ಬೆನ್ನು ತಟ್ಟಿ ಒಳಗೆ ಕರೆದುಕೊಂಡೆವು.

ಆಮೇಲೆ ಪದಬಂಧ. ಭಾನುವಾರದ ಪೇಪರು ಬಂದರೆ ನಮ್ಮಿಬ್ಬರಿಗೂ ಅದರ ಮೇಲೆ ಜಗಳ. ನಾನು ತಪ್ಪು ತುಂಬುತ್ತೇನೆಂದು ಅವನು ಪೇಪರನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದ. ಒಂದು ಭಾನುವಾರ ಪೇಪರು ಮೇಜಿನ ಮೇಲೇ ಬಿದ್ದಿತ್ತು. ಮುಂದಿನ ವಾರವೂ ಬಿದ್ದಿತ್ತು. ಸರಿ, ಇನ್ನು ನನ್ನದೇ ರಾಜ್ಯ ಎಂದು ಖುಷಿಯಾಗಿ ನಾನೇ ತುಂಬಿದೆ. ಗೊತ್ತಾಗದ ಮನೆಗಳನ್ನು ಖಾಲಿ ಬಿಟ್ಟು, “ಇದೇನೋ ಐದಕ್ಷರ?” ಎಂದು ಕೇಳಿದರೆ, “ನೋಡ್ತೀನಿ ಇರು” ಎನ್ನುತ್ತಿದ್ದ. ನೋಡುತ್ತಿರಲಿಲ್ಲ.

ಬೆಳಗಿನ ಜಾವಕ್ಕೇ ಎದ್ದು ಮಂಚದ ಮೇಲೆ ಕೂತಿರಲು ಶುರು ಮಾಡಿದ. ಏಳು ಗಂಟೆಗೆ ಎಬ್ಬಿಸಿದರೂ ಏಳದಿದ್ದವನು ಈಗ ತಾನೇ ಏಳುತ್ತಾನಲ್ಲ ಎಂದು ನನಗೆ ಸಮಾಧಾನ. ಹೀಗೆ ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಒಳ್ಳೆಯ ಅರ್ಥ ಸಿದ್ಧವಿತ್ತು.

ಆಗ ಒಂದು ದಿನ ಯೂನಿಫಾರ್ಮಿನ ಪ್ಯಾಂಟು ಹಿಡಿದುಕೊಂಡು ಬಂದು ಕತ್ತರಿಸುವ ಮೇಜಿನ ಮೇಲಿಟ್ಟ. “ಸೊಂಟ ಸ್ವಲ್ಪ ಲೂಸಾಗಿದೆ ಕಣಕ್ಕ. ಸೋಮವಾರ ಸೂಪರ್‌ವೈಸರ್ ಸಾಲಾಗಿ ನಿಲ್ಸಿ ನೋಡ್ತಾನೆ.” ನಾನು ಟೇಪು ಹಾಕಿದೆ. ಮೂವತ್ತನಾಲ್ಕು ಇದ್ದದ್ದು ಮೂವತ್ತಮೂರು. “ಏನೋ, ಯಾರನ್ನಾದ್ರೂ ನೋಡಿದ್ದೀಯೇನು? ಸಪೂರ ಆಗೋಕೆ ಹೊರಟಿದ್ದೀಯ” ಎಂದು ಕಿಚಾಯಿಸಿದೆ. ತುಟಿಯ ಒಂದು ತುದಿ ಮಾತ್ರ ನಕ್ಕಿತು. ಹಿಂಭಾಗದ ನಡುಹೊಲಿಗೆ ಬಿಚ್ಚಿ ಒಂದಿಂಚು ಒಳಗೆ ಹಿಡಿದು ಹೊಲಿದೆ, ಅಳತೆ ಪುಸ್ತಕದಲ್ಲಿ ಬರೆದೆ. ಆ ಪುಸ್ತಕದಲ್ಲಿ ನಮ್ಮ ಬೀದಿಯವರ ಸೊಂಟ, ಎದೆ, ತೋಳು ಎಲ್ಲ ಇದೆ. ತಾರೀಖು ಹಾಕದೆ ನಾನು ಯಾವ ಅಳತೆಯನ್ನೂ ಬರೆಯುವುದಿಲ್ಲ.

ಐದಾರು ತಿಂಗಳಿಗೆ ಮತ್ತೆ ಬಂದ. ಮೂವತ್ತೆರಡು. ಆಮೇಲೆ ಮೂವತ್ತೂವರೆ. ಆಮೇಲೆ ಇಪ್ಪತ್ತೊಂಬತ್ತು. ಪ್ರತಿ ಸಲವೂ ನಾನು ಹಿಡಿದು ಹೊಲಿದೆ. ಪ್ಯಾಂಟಿನ ಜೊತೆಗೆ ಅಂಗಿಯ ಭುಜವನ್ನೂ ಇಳಿಸಿದೆ, ಕಾಲರನ್ನೂ ಬಿಚ್ಚಿ ಚಿಕ್ಕದು ಮಾಡಿದೆ. ಇಸ್ತ್ರಿ ಮಾಡಿ ಹಾಕಿಕೊಟ್ಟರೆ ಮೈಗೆ ಅಚ್ಚು ಹೊಯ್ದ ಹಾಗೆ ಕೂರುತ್ತಿತ್ತು. ಅದರೊಳಗಿನ ಮನುಷ್ಯ ಸೋರಿಹೋಗುತ್ತಿದ್ದ. ಬಟ್ಟೆ ಜೋತಾಡಿದ್ದರೆ ಬೀದಿಯ ಯಾರಾದರೂ, ಏನಪ್ಪಾ ಹೀಗಾಗಿದ್ದೀಯ ಎಂದು ಕೇಳುತ್ತಿದ್ದರು. ಆ ಲಿಫ್ಟಿನಲ್ಲಿ ದಿನಕ್ಕೆ ನೂರು ಡಾಕ್ಟರು ಹತ್ತಿ ಇಳಿಯುತ್ತಾರೆ. ಎಲ್ಲರೂ ತಲೆಯೆತ್ತಿ ಬಾಗಿಲ ಮೇಲೆ ಬದಲಾಗುವ ನಂಬರು ನೋಡುವವರೇ. ಅವರನ್ನು ಬೈಯಬೇಕೆಂದು ನನಗೆ ಬಾಯಿ ತುರಿಸುತ್ತದೆ. ಆದರೆ ದಿನಾ ಎದುರಿಗೆ ಕೂತು ಉಣ್ಣುತ್ತಿದ್ದವಳು ನಾನು, ಟೇಪು ಹಿಡಿದವಳೂ ನಾನು.

ಅವನು ಹೇಳಲಿಲ್ಲ ಎನ್ನುವ ಹಾಗಿಲ್ಲ. ಹೇಳಿದ. ಒಂದು ಸಂಜೆ ನಾನು ಕಾಜ ಹೊಲಿಯುತ್ತಾ ಕೂತಿದ್ದೆ. ಬಾಗಿಲಿಗೆ ಒರಗಿ ನಿಂತು, “ಅಕ್ಕ, ಯಾಕೋ ಬೇಜಾರು ಕಣೆ” ಎಂದ. ನಮ್ಮ ಬಾಯಲ್ಲಿ ಆ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬಸ್ಸು ತಡವಾದರೆ ಬೇಜಾರು, ನೆಂಟರು ಒಂದು ಮಾತು ಅಂದರೆ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೆ ಬೇಜಾರು, ಸತ್ತವರ ಮನೆಯಿಂದ ಬಂದರೂ ಬೇಜಾರು. ಎಲ್ಲ ಸಂಕಟವನ್ನೂ ಒಂದೇ ಚೀಲಕ್ಕೆ ತುರುಕಿ, ಚೀಲದ ಬಾಯಿ ಕಟ್ಟಿ ಇಟ್ಟಿದ್ದೇವೆ. ನಾನು ಸೂಜಿಯಿಂದ ಕಣ್ಣೆತ್ತದೆ, “ಬೇಜಾರಾದ್ರೆ ಒಂದು ಸಿನಿಮಾಗೆ ಹೋಗಿ ಬಾರೋ” ಎಂದೆ. “ಹೂಂ” ಎಂದು ಒಳಗೆ ಹೋದ.

ನನ್ನೊಬ್ಬಳಿಗೇ ಹೇಳಿದ್ದೂ ಅಲ್ಲ. ಆಸ್ಪತ್ರೆಯ ನೆಲಮಹಡಿಯಲ್ಲಿ ಸಿಬ್ಬಂದಿಯನ್ನು ನೋಡುವ ಡಾಕ್ಟರ ಹತ್ತಿರವೂ ಹೋಗಿ, ನಿದ್ದೆ ಬರಲ್ಲ, ಬೇಜಾರು ಎಂದಿದ್ದನಂತೆ. ಆಮೇಲೆ ಅವನ ಅಂಗಿಯ ಜೇಬಿನಲ್ಲಿ ಸಿಕ್ಕ ಚೀಟಿಯಿಂದ ನನಗೆ ತಿಳಿಯಿತು. ಚೀಟಿಯಲ್ಲಿ ಶಕ್ತಿಯ ಮಾತ್ರೆ, ಹದಿನೈದು ದಿನಕ್ಕೆ. ಎರಡು ಬಾಗಿಲು ತಟ್ಟಿದ, ಎರಡರಲ್ಲೂ ಬಂದವನು ಯಾರೆಂದು ಯಾರೂ ನೋಡಲಿಲ್ಲ. ಮೂರನೆಯದನ್ನು ತಟ್ಟಲು ಅವನಲ್ಲಿ ಆಗ ಶಕ್ತಿಯೇ ಇರಲಿಲ್ಲ.

ನನ್ನ ಕಣ್ಣು ತೆರೆದದ್ದು ಐದನೇ ಸಲ. ಅಳತೆ, ಪ್ಯಾಂಟು ಎರಡನ್ನೂ ಕೊಟ್ಟು ಕೆಲಸಕ್ಕೆ ಹೋಗಿದ್ದ, ಇನ್ನೊಂದು ಜೊತೆ ಹಾಕಿಕೊಂಡಿದ್ದ. ಸೊಂಟ ಇಪ್ಪತ್ತೇಳೂವರೆ. ನಡುಹೊಲಿಗೆ ಹಿಡಿದು ಹೊಲಿದು, ಸರಿಯಾಗಿದೆಯಾ ಎಂದು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಜೇಬಿನಂತೆ ಕಾಣುತ್ತಿದ್ದವು. ನಡುವೆ ಅಂಗೈ ಅಗಲದ ಬಟ್ಟೆ ಇದ್ದ ಜಾಗ. ಅದಷ್ಟೂ ಒಳಗೆ ಹೋಗಿತ್ತು. ಮೊದಲು ನನಗೆ ನಗು ಬಂತು, ಸತ್ಯವಾಗಿ. ಇದೇನಪ್ಪ ನನ್ನ ಕೈಯಿಂದ ಇಂಥ ಅವಲಕ್ಷಣದ ಪ್ಯಾಂಟು ಎಂದು. ಆಮೇಲೆ ಅಳತೆ ಪುಸ್ತಕ ತೆಗೆದು ಹಿಂದಿನ ಪುಟಗಳನ್ನು ತಿರುವಿದೆ. ಎರಡು ವರ್ಷ ಎರಡು ತಿಂಗಳು. ಆರೂವರೆ ಇಂಚು. ಎಲ್ಲ ನನ್ನ ಕೈಬರಹದಲ್ಲೇ, ತಾರೀಖಿನ ಸಮೇತ. ಮಷೀನಿನ ಮುಂದೆ ಕೂತವಳು ಅವನು ಬರುವವರೆಗೂ ಏಳಲಿಲ್ಲ.

ಬಂದ ಕೂಡಲೇ ಕೇಳಿದೆ. “ಏನಾಗಿದೆ ಹೇಳು ನಿಂಗೆ. ಹಾರಿಸಬೇಡ.”

ಚಪ್ಪಲಿ ಬಿಡುತ್ತಾ ಅಲ್ಲೇ ನಿಂತ. ಆಮೇಲೆ ತುಂಬ ಸಾಧಾರಣವಾಗಿ, ಅಂಗಡಿಯಿಂದ ಏನು ತರಬೇಕು ಎಂದು ಹೇಳುವವನ ಹಾಗೆ ಹೇಳಿದ. “ನಾಲ್ಕನೇ ಮಹಡಿದು ಕಣಕ್ಕ. ನಂಗೊತ್ತು. ತುಂಬಾ ದಿನದಿಂದ ಗೊತ್ತು.”

“ಗೊತ್ತಿದ್ದೂ ಹೋಗಲಿಲ್ವೇನೋ? ದಿನಾ ನೂರು ಸಲ ಆ ಮಹಡಿ ಮುಂದೆ ಹೋಗ್ತೀಯಲ್ಲೋ!”

“ಅದಕ್ಕೇ. ಯೂನಿಫಾರ್ಮ್ ಹಾಕ್ಕೊಂಡು ಅಲ್ಲಿ ಹೇಗಕ್ಕ ಇಳೀಲಿ? ನಾನು ಇಳಿದ್ರೆ ಒಳಗಿರೋರು ಹೇಗೆ ನೋಡ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಬೇರೆ ಆಸ್ಪತ್ರೆ ಎಂದರೆ ಬಸ್ಸಿನಲ್ಲಿ ಅರ್ಧ ದಿನ. ಅಷ್ಟು ದೂರ ಅವನು ಕೂತು ಬರುವ ಸ್ಥಿತಿಯಲ್ಲಿರಲಿಲ್ಲ. ಅವನ ರಜೆಯ ದಿನ, ಒಂದು ಮಂಗಳವಾರ, ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಲಿಫ್ಟು ಹತ್ತಲು ಒಪ್ಪಲಿಲ್ಲ. ಮೆಟ್ಟಿಲು ಹತ್ತಿದೆವು. ಇಪ್ಪತ್ತೆರಡು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದವನಿಗೆ ಮೆಟ್ಟಿಲು ಎಲ್ಲಿ ತಿರುಗುತ್ತದೆ ಎಂದು ಸರಿಯಾಗಿ ಗೊತ್ತಿರಲಿಲ್ಲ. ಮೂರನೇ ಮಹಡಿಗೆ ಉಸಿರು ಸಾಲದೆ ಮೆಟ್ಟಿಲ ಮೇಲೇ ಕೂತುಬಿಟ್ಟ. ಆಗ ಮೇಲಿನಿಂದ ಮೆಟ್ಟಿಲಿಳಿದು ಬಂದ ವಯಸ್ಸಾದ ಹೆಂಗಸೊಬ್ಬರು ಅವನನ್ನು ಗುರುತು ಹಿಡಿದರು. ಮೂರರಲ್ಲಿ ಇಳಿದು ನಾಲ್ಕಕ್ಕೆ ನಡೆದು ಹೋಗುವವರಲ್ಲಿ ಅವರೂ ಒಬ್ಬರು.

“ಅಯ್ಯೋ, ನೀವಾ? ಯಾಕಪ್ಪ, ಲಿಫ್ಟ್ ಕೆಟ್ಟಿದೆಯಾ?”

“ಲಿಫ್ಟ್ ಸರಿಯಾಗೇ ಇದೆ ತಾಯಿ, ಕೆಟ್ಟಿರೋದು ಲಿಫ್ಟಿನವ್ನು” ಎಂದ.

ಅವರು ನಕ್ಕರು, ನಾನೂ ನಕ್ಕೆ. ಎರಡು ವರ್ಷದ ಮೇಲೆ ಅವನ ಬಾಯಿಂದ ಬಂದ ತಮಾಷೆ. ನನ್ನ ತಮ್ಮ ಎಲ್ಲೂ ಹೋಗಿಲ್ಲ, ಒಳಗೇ ಇದ್ದಾನೆ, ಕರೆದರೆ ಬರುತ್ತಾನೆ ಎಂದು ನನಗೆ ಧೈರ್ಯ ಬಂತು.

ನಾಲ್ಕನೇ ಮಹಡಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಅವಸರ ಇಲ್ಲದವರು. ನಿದ್ದೆ, ಊಟ, ಕೆಲಸ, ಸಾಯಬೇಕು ಅನ್ನಿಸುತ್ತದಾ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಕೇಳಿದರು. ಅವನು ಎಲ್ಲಕ್ಕೂ “ಹಂಗೇನಿಲ್ಲ ಮೇಡಂ” ಎಂದ. ಕೊನೆಯದಕ್ಕೆ ಮಾತ್ರ ಸ್ವಲ್ಪ ತಡವಾಗಿ, “ಬದುಕಿರೋದು ದಂಡ ಅನ್ಸುತ್ತೆ, ಅಷ್ಟೇ” ಎಂದ. ಎಷ್ಟು ದಿನದಿಂದ ಹೀಗೆ ಎಂದರೆ, ಮೂರು ತಿಂಗಳಿಂದ ಎಂದ. ನಾನು ಚೀಲದಿಂದ ಅಳತೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ಪುಟ ನೋಡಿ ತಾರೀಖು, ಇಂಚು ಎರಡನ್ನೂ ಫೈಲಿಗೆ ಇಳಿಸಿಕೊಂಡರು.

“ಮೊದಲನೇ ಇಂಚಿಗೇ ಬಂದಿದ್ರೆ ಇಬ್ಬರಿಗೂ ಸುಲಭ ಆಗ್ತಿತ್ತು. ಈಗ್ಲೂ ವಾಸಿ ಆಗುತ್ತಮ್ಮ, ಆದ್ರೆ ನಿಧಾನ. ಮಧ್ಯದಲ್ಲಿ ಮಾತ್ರ ಬಿಡಬಾರದು” ಎಂದರು. ನಾನು ಅವರ ಮುಂದೆಯೇ ಅತ್ತೆ. ತಮ್ಮ ನನ್ನ ಬೆನ್ನು ಸವರಿ, ಅಳಬೇಡ ಕಣಕ್ಕ ಎಂದು ನನ್ನನ್ನೇ ಸಮಾಧಾನ ಮಾಡಿದ.

ಅವರು ಹೇಳಿದ್ದು ನಿಜವಾಯಿತು. ಮೊದಲ ಎರಡು ವಾರ ಏನೂ ಕಾಣಲಿಲ್ಲ. ಮಾತ್ರೆ ತಿಂದು ಮಂಪರಿನಲ್ಲಿ ಇರುತ್ತಿದ್ದ. ಆರನೇ ವಾರ ಒಂದು ದಿನ ತಟ್ಟೆ ಮುಂದೆ ತಳ್ಳಿ, “ಇನ್ನೊಂಚೂರು ಹಾಕು” ಎಂದ. ಒಂದಕ್ಕೆ ಎರಡು ಸೌಟು ಹಾಕಿದೆ. ಸೊಂಟ ಒಂದಿಂಚು ಬಂತು. ಹಿಡಿದು ಹೊಲಿದದ್ದನ್ನು ಬಿಚ್ಚುವ ಕೆಲಸ ನನಗೆ ಜೀವನದಲ್ಲಿ ಅಷ್ಟು ಹಿತವಾಗಿದ್ದದ್ದು ಅದೊಂದೇ ಸಲ. ಪೇಪರು ನೋಡಿ, “ಇದನ್ಯಾಕೆ ಹೀಗೆ ತುಂಬಿದ್ದೀಯ, ದೀರ್ಘ ಇಲ್ವಾ ಅದಕ್ಕೆ?” ಎಂದು ನನ್ನ ತಪ್ಪು ಹಿಡಿದ. ಬೈಸಿಕೊಂಡು ನಾನು ಅಷ್ಟು ಖುಷಿಪಟ್ಟದ್ದು ಉಂಟೇ.

ಮೂರನೇ ತಿಂಗಳು ಸುದ್ದಿ ಹೇಗೋ ಕಚೇರಿ ಮುಟ್ಟಿ ಸೂಪರ್‌ವೈಸರನಿಂದ ಚೀಟಿ ಬಂತು. ನಾಲ್ಕನೇ ಮಹಡಿಯ ಮಾತ್ರೆ ತೆಗೆದುಕೊಳ್ಳುವವನನ್ನು ಲಿಫ್ಟಿನಲ್ಲಿ ಇಡುವಂತಿಲ್ಲ, ನಾಳೆಯಿಂದ ನೆಲದಡಿಯ ಬಟ್ಟೆ ಕೋಣೆಗೆ ಹೋಗತಕ್ಕದ್ದು. ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಒಗೆದು ಬಂದು ಬೀಳುವ ಕೋಣೆ ಅದು. ಕಿಟಕಿ ಇಲ್ಲ, ಮಾತಾಡಲು ಒಂದು ನರಪಿಳ್ಳೆ ಇಲ್ಲ. ನಾನು ಮಷೀನಿನ ಮೇಲೆ ಬಟ್ಟೆ ಹಾಗೇ ಬಿಟ್ಟು ಸೂಪರ್‌ವೈಸರನ ಕೋಣೆಗೆ ನುಗ್ಗಿದೆ.

“ಎರಡು ವರ್ಷ ಅವ್ನಿಗೆ ಹುಷಾರಿರಲಿಲ್ಲ, ಆಗೆಲ್ಲಾ ಲಿಫ್ಟಲ್ಲೇ ಇಟ್ಕೊಂಡಿದ್ರಿ. ಯಾರಾದ್ರೂ ಬಿದ್ದು ಸತ್ರಾ? ಈಗ ಔಷಧಿ ತಗೊಂಡು ಸರಿ ಹೋಗ್ತಾ ಇದಾನೆ, ಈಗ ಸಾಯ್ತಾರಾ?”

“ಆಗ ನಮಗೆ ಗೊತ್ತಿರ್ಲಿಲ್ವಲ್ಲಮ್ಮ” ಎಂದ ಅವನು, ತುಂಬ ಮರ್ಯಾದೆಯಿಂದ. “ನಿಮ್ಮ ತಮ್ಮನ ಒಳ್ಳೇದಕ್ಕೇ ಮಾಡಿದ್ದು. ತಲೆ ಕೆಡಿಸ್ಕೋಬೇಡಿ.”

ತಲೆ ಕೆಡಿಸ್ಕೋಬೇಡಿ! ದಿನಕ್ಕೆ ಹತ್ತು ಸಲ ನಾವೂ ಆಡುವ ಮಾತು. ಅವತ್ತು ಅದನ್ನು ಕೇಳಿ ಅವನ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಡಾಕ್ಟರಮ್ಮನೂ ಕಾಗದ ಬರೆದರು, ಲಿಫ್ಟಿನ ಕೆಲಸ ಮಾಡಲು ಯಾವ ಅಡ್ಡಿಯೂ ಇಲ್ಲ, ಜನರ ನಡುವೆ ಇರುವುದೇ ಒಳ್ಳೆಯದು ಎಂದು. ಆ ಕಾಗದವನ್ನು ಕಚೇರಿಯವರು ಸ್ವೀಕರಿಸಿದರು, ಸಿಕ್ಕಿದೆ ಎಂದು ಸಹಿ ಹಾಕಿಕೊಟ್ಟರು, ಅಲ್ಲಿಗೆ ಮುಗಿಯಿತು.

ತಮ್ಮ ನೆಲದಡಿಗೆ ಹೋದ. ಸಂಜೆ ಬಂದು, ಇಷ್ಟು ಹಾಸುಬಟ್ಟೆ, ಇಷ್ಟು ದಿಂಬಿನ ಚೀಲ ಎನ್ನುತ್ತಿದ್ದ. ನಾನು ಇದೂ ಒಂದು ಮಾತಲ್ಲವೇ ಎಂದುಕೊಂಡೆ. ಆಮೇಲೆ ಅದೂ ನಿಂತಿತು. ಮತ್ತೆ ಪ್ಯಾಂಟು ಜಾರತೊಡಗಿತು. ಮಾತ್ರೆ ತಿನ್ನುತ್ತಿದ್ದೀಯಾ ಎಂದರೆ ತಿನ್ನುತ್ತಿದ್ದೇನೆ ಎನ್ನುತ್ತಿದ್ದ. ಬಿಸಿಲು ತೋರಿಸಲೆಂದು ಅವನ ಚಳಿಗಾಲದ ಕೋಟು ತೆಗೆದರೆ ಒಳಜೇಬಿನ ಬಾಯಿ ಹೊಲಿದಾಗಿತ್ತು. ಅದು ನನ್ನ ಹೊಲಿಗೆಯಲ್ಲ. ಉದ್ದುದ್ದ, ಸೊಟ್ಟ, ಸೂಜಿ ಹಿಡಿಯಲು ಬಾರದವನ ಹೊಲಿಗೆ. ಬಿಚ್ಚಿದರೆ ಒಳಗೆ ಎರಡು ತಿಂಗಳ ಮಾತ್ರೆ.

ನಾನು ಕೂಗಾಡಿದೆ. ಇಡೀ ಬೀದಿಗೆ ಕೇಳಿರಬೇಕು. ಅವನು ನನ್ನ ಕೂಗು ಮುಗಿಯುವವರೆಗೂ ಕಾದು, “ಮಾತ್ರೆ ತಿನ್ನೋನು ರೋಗಿ ಕಣಕ್ಕ, ಬಿಟ್ಟೋನು ವಾಸಿ ಆದೋನು. ಬಿಟ್ಟಿದ್ದೀನಿ ಅಂತ ಹೇಳಿದ್ರೆ ಲಿಫ್ಟ್ ವಾಪಸ್ ಕೊಡ್ತಾರೆ ಅಂದ್ಕೊಂಡೆ. ಹೋಗಿ ಹೇಳ್ದೆ” ಎಂದ.

“ಏನಂದ್ರು?”

“ಲಿಫ್ಟಿಗೆ ಬೇರೆಯವ್ನನ್ನ ಹಾಕಾಗಿದೆಯಂತೆ.”

ಅದಾದ ಎರಡನೇ ವಾರದಿಂದ ಕೆಲಸಕ್ಕೆ ಹೋಗುವುದನ್ನೇ ಬಿಟ್ಟ. ಡಾಕ್ಟರಮ್ಮನ ಹತ್ತಿರ ಮೊದಲಿನಿಂದ ಶುರು ಮಾಡೋಣ ಬಾ ಎಂದರೆ ಬರಲಿಲ್ಲ. ಕೈಹಿಡಿದು ಎಳೆದೆ. ಸೊಂಟ ಇಪ್ಪತ್ತೇಳಿದ್ದರೂ ಗಂಡಸಿನ ಮೈ, ಮಂಚದಿಂದ ಕದಲಲಿಲ್ಲ. ಕೊಸರಾಟ ಇಲ್ಲ, ಸಿಟ್ಟಿಲ್ಲ, ಬರೀ ಭಾರ. “ಸರಿ ಹೋದ್ರೆ ಏನ್ ಸಿಗುತ್ತೆ ಅಂತ ಒಂದ್ಸಲ ನೋಡಿದ್ನಲ್ಲಕ್ಕ” ಎಂದ. ಹಿಡಿದಿದ್ದ ಕೈ ಬಿಟ್ಟೆ. ಡಾಕ್ಟರಮ್ಮ ಒಮ್ಮೆ ಮನೆಗೇ ಆರೋಗ್ಯ ಕಾರ್ಯಕರ್ತೆಯೊಬ್ಬಳನ್ನು ಕಳಿಸಿದರು. ಅವಳು ಬರುವ ಹೊತ್ತಿಗೆ ತಲೆ ಬಾಚಿ, ನಾನು ಹಿಂದೆ ಚಿಕ್ಕದು ಮಾಡಿಕೊಟ್ಟಿದ್ದ ಅಂಗಿ ಹಾಕಿಕೊಂಡು ಕೂತು, ಕೇಳಿದ್ದಕ್ಕೆಲ್ಲ ಮರ್ಯಾದೆಯಾಗಿ ಉತ್ತರ ಕೊಟ್ಟ. ಪರವಾಗಿಲ್ಲ, ನೋಡೋಕೆ ಚೆನ್ನಾಗೇ ಇದಾರೆ ಎಂದು ಬರೆದುಕೊಂಡು ಹೋದಳು.

ಅಂದಿನಿಂದ ಅವನ ಬಟ್ಟೆ ಹಿಡಿದು ಹೊಲಿಯುವುದನ್ನು ನಿಲ್ಲಿಸಿದ್ದೇನೆ. ಜೋತಾಡಲಿ. ನೋಡುವವರು ನೋಡಲಿ ಎಂದು. ಆದರೆ ಈಗ ಅವನು ಹೊಸಿಲು ದಾಟುವುದಿಲ್ಲ, ನೋಡುವವರು ಯಾರು? ಅಂಗಡಿಗೆ ಬರುವವರ ಮೇಲೆ ನನ್ನ ಕಣ್ಣು ಈಗ ಚುರುಕು. ಹೋದ ತಿಂಗಳು ಒಬ್ಬಾಕೆ ತನ್ನ ಮಗಳ ಉಡುಪನ್ನು ಮೂರನೇ ಸಲ ಬಿಗಿ ಮಾಡಿಸಲು ತಂದಳು. ಟೇಪು ಕೆಳಗಿಟ್ಟು, “ಮಗು ಸರಿಯಾಗಿ ನಿದ್ದೆ ಮಾಡ್ತಾಳಾ? ಮೊದಲಿನ ಹಾಗೆ ಗೆಳತಿಯರ ಜೊತೆ ಓಡಾಡ್ತಾಳಾ?” ಎಂದು ಕೇಳಿದೆ. ಅವಳ ಮುಖ ಕೆಂಪಾಯಿತು. “ನಿಮ್ಮ ಮನೇಲಿ ಇದೆ ಅಂತ ಎಲ್ಲರ ಮನೇಲೂ ಇರುತ್ತಾ?” ಎಂದು ಬಟ್ಟೆ ಬಾಚಿಕೊಂಡು ಹೋದಳು. ಮುಂದಿನ ಬೀದಿಯ ದರ್ಜಿ ಅದನ್ನು ಬಿಗಿ ಮಾಡಿಕೊಟ್ಟನಂತೆ.

ತಿಂಗಳಿಗೊಂದು ಮಂಗಳವಾರ ನಾನೊಬ್ಬಳೇ ನಾಲ್ಕನೇ ಮಹಡಿಗೆ ಹೋಗುತ್ತೇನೆ. ಸತತ ಮೂರು ಸಲ ಯಾರೂ ಹೋಗದಿದ್ದರೆ ಫೈಲನ್ನು ಮುಚ್ಚಿಬಿಡುತ್ತಾರೆ. ಆಮೇಲೆ ಅವನು ಮನಸ್ಸು ಮಾಡಿದರೂ ಹೊಸದಾಗಿ ಹೆಸರು ಬರೆಸಿ ಕಾಯಬೇಕು. ಲಿಫ್ಟಿನಲ್ಲೇ ಹೋಗುತ್ತೇನೆ. ಹೊಸಬ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿರುತ್ತಾನೆ. ನಾನು “ನಾಲ್ಕು” ಎಂದು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ. ಒಳಗಿರುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಡಾಕ್ಟರಮ್ಮ ನನ್ನ ಹಿಂದೆ ಬಾಗಿಲ ಕಡೆ ಒಮ್ಮೆ ನೋಡಿ, ಅವನ ಊಟ ನಿದ್ದೆ ವಿಚಾರಿಸಿ, ಸಾಯುವ ಮಾತೇನಾದರೂ ಆಡಿದರೆ ಹೊತ್ತುಗೊತ್ತು ನೋಡದೆ ಫೋನು ಮಾಡಿ ಎಂದು ಪ್ರತಿ ಸಲವೂ ಹೇಳುತ್ತಾರೆ. ಫೈಲಿನ ಮೇಲೆ ‘ರೋಗಿ ಬಂದಿಲ್ಲ’ ಎಂದು ಮೊಹರು ಬೀಳುತ್ತದೆ. ಇದುವರೆಗೆ ಹನ್ನೊಂದು ಬಿದ್ದಿವೆ.

ಈ ಮಂಗಳವಾರ ಹೋಗಿ ಬಂದು ನೀರು ಕುಡಿಯುತ್ತಿದ್ದೆ. ಅವನು ಮಂಚದ ಅಂಚಿನಲ್ಲಿ ಕೂತಿದ್ದ. ಎಷ್ಟೋ ತಿಂಗಳಿಂದ ತಾನಾಗಿ ಒಂದು ಮಾತೂ ಕೇಳದಿದ್ದವನು ಕೇಳಿದ.

“ಎಲ್ಲಿಗೆ ಹೋಗಿದ್ದೆ?”

“ಆಸ್ಪತ್ರೆಗೆ.”

“ಯಾರನ್ನ ನೋಡೋಕೆ?”

“ನಿನ್ನನ್ನೇ ಕಣೋ” ಎಂದೆ. ಬೈಯಬೇಕೆಂದೇ ಬಾಯಿ ತೆರೆದದ್ದು, ಬೈಗುಳ ಬರಲಿಲ್ಲ.

ಅವನು ನನ್ನ ಕಡೆ ತಿರುಗಿದ. ಆಮೇಲೆ, “ಸಿಕ್ಕಿದ್ನಾ?” ಎಂದ.

ತಮಾಷೆಗೆ ಕೇಳಿದನೇ ಎಂದು ಅವನ ಮುಖವನ್ನು ತುಂಬ ಹೊತ್ತು ನೋಡಿದೆ. ತಮಾಷೆಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದ.

“ಇಲ್ಲ” ಎಂದೆ. ಅವನು “ಹೂಂ” ಎಂದು ಗೋಡೆಯ ಕಡೆ ತಿರುಗಿ ಮಲಗಿದ.